ಮನೆಗೆ ಹೊಸ ಕೋಣೆ ಕೂಡಿಸುವಾಗ ಕರೆಂಟಿನ ಕೆಲಸ: ಮೀಟರ್ ಬೋರ್ಡಿನಿಂದ ಕೊನೆಯ ಪ್ಲಗ್‌ವರೆಗೆ

ನಮ್ಮ ಕಡೆ ಮನೆಗಳು ಒಂದೇ ಸಲಕ್ಕೆ ಕಟ್ಟಿ ಮುಗಿಯುವುದು ಅಪರೂಪ. ಮೈಸೂರಿನ ಬಡಾವಣೆಗಳಲ್ಲಿ ಮೂವತ್ತು–ನಲವತ್ತರ ಸೈಟಿನಲ್ಲಿ ಮೊದಲು ನೆಲಮಹಡಿ ಏಳುತ್ತದೆ. ಮಗನ ಮದುವೆ ಗೊತ್ತಾದಾಗ ಮೇಲೊಂದು ಕೋಣೆ, ನಿವೃತ್ತಿಯ ಹಣ ಕೈಗೆ ಬಂದಾಗ ಹಿಂಬದಿಗೊಂದು ಬಾಡಿಗೆ ಮನೆ. ಮಂಡ್ಯ, ಪಾಂಡವಪುರ, ಮದ್ದೂರಿನ ಹಳ್ಳಿಗಳಲ್ಲಿ ಹಳೆಯ ಹೆಂಚಿನ ಮನೆಗೆ ಒರಗಿಕೊಂಡಂತೆ ಆರ್‌ಸಿಸಿ ಕೋಣೆ ಬರುತ್ತದೆ, ಹಿತ್ತಲಿನಲ್ಲಿ ಬಚ್ಚಲುಮನೆ ಬರುತ್ತದೆ. ಟೈಲ್ಸ್ ಆರಿಸಲು ಮನೆಮಂದಿಯೆಲ್ಲ ಅಂಗಡಿ ಅಂಗಡಿ ಅಲೆಯುತ್ತಾರೆ. ಕರೆಂಟಿನ ವಿಷಯ ಬಂದಾಗ ಮಾತ್ರ ಮೇಸ್ತ್ರಿ ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ: “ಪಕ್ಕದ ರೂಮಿನ ಪ್ಲಗ್‌ನಿಂದ ಒಂದು ಲೈನ್ ಎಳೆದರಾಯಿತು ಸಾರ್.”

ಹಾಗೆ ಎಳೆದರೆ ಆಗುವುದಿಲ್ಲ. ಪಕ್ಕದ ಕೋಣೆಯ ಪ್ಲಗ್‌ಗೆ ಬಂದಿರುವ ತಂತಿ ಆ ಕೋಣೆಯ ಟೀವಿಗೂ ಇಸ್ತ್ರಿಪೆಟ್ಟಿಗೆಗೂ ಲೆಕ್ಕ ಹಾಕಿ ಎಳೆದದ್ದು, ಹೊಸ ಕೋಣೆಯ ಗೀಸರ್‌ಗೂ ಏಸಿಗೂ ಅಲ್ಲ. ಹೊಸ ಭಾಗಕ್ಕೆ ಕರೆಂಟು ಮೀಟರ್ ಬೋರ್ಡಿನಿಂದಲೇ ನೇರವಾಗಿ, ತನ್ನದೇ ತಂತಿಯಲ್ಲಿ, ತನ್ನದೇ ಎಂಸಿಬಿಯ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚಿನ) ಕಾವಲಿನಲ್ಲಿ ಬರಬೇಕು. ಕೆಳಗಿರುವ ಪ್ರತಿ ಹಂತವೂ ಈ ಮಾತನ್ನು ನಡೆಸಿಕೊಡುವುದಕ್ಕಾಗಿಯೇ ಇದೆ.

ಶುರುವಿಗೆ ಒಂದು ಎಚ್ಚರಿಕೆ. ಬಲ್ಬು, ಫ್ಯಾನು, ಫ್ಯೂಸು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ, ಹೊಸ ವೈರಿಂಗ್ ಮಾಡುವುದಾಗಲಿ ಇರುವುದನ್ನು ವಿಸ್ತರಿಸುವುದಾಗಲಿ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಕೈಯಲ್ಲೇ ಆಗಬೇಕೆಂದು ಕಾನೂನು ಹೇಳುತ್ತದೆ. ನೀವೇ ತಂತಿ ಹಿಡಿದು ನಿಲ್ಲಿರೆಂದು ನಾನು ಹೇಳುತ್ತಿಲ್ಲ. ಕೆಲಸದವರಿಗೆ ಏನು ಹೇಳಬೇಕು, ಯಾವುದನ್ನು ಕಣ್ಣಾರೆ ನೋಡಬೇಕು, ಯಾವುದಕ್ಕೆ ಒಪ್ಪಬಾರದು ಎಂಬುದು ಗೊತ್ತಿದ್ದರೆ ಸಾಕು.

ಮೊದಲು ತಲೆಯೆತ್ತಿ ನೋಡಿ

ಪಾಯ ತೆಗೆಯುವ ಮೊದಲೇ ಆಗಬೇಕಾದ ಕೆಲಸವಿದು. ಹೊಸ ಕೋಣೆ ಎದ್ದು ನಿಂತಾಗ ಅದರ ತಾರಸಿಯ ಮೇಲೆ ಅಥವಾ ಪಕ್ಕದಲ್ಲಿ ಯಾವ ತಂತಿ ಹಾದುಹೋಗುತ್ತದೆ? ಮನೆಗಳಿಗೆ ಕರೆಂಟು ಕೊಡುವ ಎಲ್‌ಟಿ ಲೈನಾದರೆ ಕಟ್ಟಡದ ಅತಿ ಎತ್ತರದ ಜಾಗದಿಂದ ನೆಟ್ಟಗೆ 2.5 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರ ಬೇಕು. ಟ್ರಾನ್ಸ್‌ಫಾರ್ಮರಿಗೆ ಬರುವ 11 ಕೆವಿ (11,000 ವೋಲ್ಟಿನ) ಲೈನಾದರೆ ಮೇಲಕ್ಕೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್. ತಾರಸಿಯ ಮೇಲೆ ಬರುವ ನೀರಿನ ಟ್ಯಾಂಕು, ಮೆಟ್ಟಿಲ ಕೋಣೆ, ಪ್ಯಾರಪೆಟ್ ಗೋಡೆ ಎಲ್ಲವನ್ನೂ ಸೇರಿಸಿ ಅಳೆಯಬೇಕು, ಬರೀ ತಾರಸಿಯ ಮಟ್ಟವನ್ನಲ್ಲ.

ಅಂತರ ಸಾಲದಿದ್ದರೆ ಲೈನನ್ನು ಸ್ಥಳಾಂತರಿಸಲು ಅರ್ಜಿ ಕೊಡಬೇಕು. ಅದರ ಖರ್ಚು ಸಾಮಾನ್ಯವಾಗಿ ಅರ್ಜಿದಾರರ ಮೇಲೆಯೇ ಬೀಳುತ್ತದೆ. ಗೋಡೆ ಎದ್ದ ಮೇಲೆ ಹೋದರೆ ಆ ಮಾತಿಗೆ ತೂಕ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಮೋಲ್ಡ್ ಹಾಕುವ ದಿನ ಉದ್ದನೆಯ ಕಂಬಿಯನ್ನು ಮೇಲಕ್ಕೆತ್ತುವ ಕೂಲಿಯವರಿಗೆ ಈ ಅಳತೆ ಯಾವುದೂ ಗೊತ್ತಿರುವುದಿಲ್ಲ. ತಂತಿ ಹತ್ತಿರವಿದ್ದರೆ ಲೈನ್‌ಮನ್‌ಗೆ ತಿಳಿಸಿ, ಕಂಬಿ ಎತ್ತುವ ಹೊತ್ತಿಗೆ ಲೈನ್ ನಿಲ್ಲಿಸುವ ಏರ್ಪಾಡು ಮಾಡಿಕೊಳ್ಳಿ.

ಈಗ ಇರುವುದು ಏನು?

ಕೈಯಲ್ಲಿ ಕೊನೆಯ ಕರೆಂಟ್ ಬಿಲ್ಲು ಹಿಡಿದುಕೊಳ್ಳಿ. ಆರ್.ಆರ್. ನಂಬರ್ (ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ), ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್, ದರಪಟ್ಟಿಯ ವರ್ಗ ಯಾವುದು, ಸಿಂಗಲ್ ಫೇಸೋ (ಕರೆಂಟು ತರುವ ತಂತಿ ಒಂದೇ) ತ್ರೀ ಫೇಸೋ (ಅಂಥವು ಮೂರು) ಎಂಬ ನಾಲ್ಕನ್ನು ಗುರುತು ಹಾಕಿ. ಹಳೆಯ ಮನೆಗಳಲ್ಲಿ ಮಂಜೂರಾದ ಲೋಡ್ ಒಂದೋ ಎರಡೋ ಕಿಲೋವ್ಯಾಟ್‌ನಲ್ಲೇ ನಿಂತಿರುತ್ತದೆ. ಅಷ್ಟರೊಳಗೆ ಮನೆಗೆ ಗೀಸರು, ಮೋಟಾರು, ವಾಷಿಂಗ್ ಮಷೀನು ಎಲ್ಲ ಬಂದು ಕೂತಿರುತ್ತವೆ.

ಆಮೇಲೆ ಮೀಟರ್ ಬೋರ್ಡಿನ ಮುಂದೆ ನಿಲ್ಲಿ. ಅಗ್ರಹಾರದ ಕಡೆಯ ಹಳೆಯ ಮನೆಗಳಲ್ಲಿ ಇವತ್ತಿಗೂ ಮರದ ಹಲಗೆ, ಪಿಂಗಾಣಿಯ ಫ್ಯೂಸು, ಕಬ್ಬಿಣದ ಮೇನ್ ಸ್ವಿಚ್ ಸಿಗುತ್ತವೆ. ಪಿಂಗಾಣಿ ಫ್ಯೂಸಿಗೆ ಯಾರೋ ಒಂದು ರಾತ್ರಿ ಕತ್ತಲೆಯಲ್ಲಿ ದಪ್ಪ ತಂತಿ ಸುತ್ತಿ ಹೋಗಿರುತ್ತಾರೆ. ಆ ಫ್ಯೂಸು ಅಂದಿನಿಂದ ಏನನ್ನೂ ಕಾಯುತ್ತಿಲ್ಲ. ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ ಎರಡು ಮೂರು ಸ್ವಿಚ್ ಬೋರ್ಡುಗಳನ್ನು ಬಿಚ್ಚಿ ತೋರಿಸಲಿ. ತಂತಿ ತಾಮ್ರದ್ದೋ ಅಲ್ಯೂಮಿನಿಯಂನದ್ದೋ? ಹೊದಿಕೆ ಬಗ್ಗಿಸಿದರೆ ಪುಡಿಯಾಗಿ ಉದುರುತ್ತದೆಯೇ? ಪ್ಲಗ್‌ಗೆ ಹಸಿರು ತಂತಿ (ಉಪಕರಣದ ಮೈಗೆ ತಗಲಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್) ಬಂದಿದೆಯೇ, ಅಥವಾ ಮೂರನೆಯ ತೂತು ಬರೀ ಅಲಂಕಾರಕ್ಕಿದೆಯೇ? ಹಳೆಯ ವೈರಿಂಗ್ ಇಷ್ಟು ಸೊರಗಿದ್ದರೆ ಅದನ್ನು ಮುಟ್ಟದೆ ಹೊಸ ಭಾಗವನ್ನು ಪೂರ್ತಿ ಬೇರೆಯಾಗಿ ನಡೆಸುವುದು ಮೇಲು. ಕನಿಷ್ಠ ಮೇನ್ ಬೋರ್ಡನ್ನಾದರೂ ಬದಲಿಸಲೇಬೇಕು.

ಲೋಡಿನ ಲೆಕ್ಕ

ಇದು ಕಾಗದದ ಮೇಲೆ ಹತ್ತು ನಿಮಿಷದ ಕೆಲಸ. ಹಿಂಬದಿಗೆ ಒಂದು ಮಲಗುವ ಕೋಣೆ, ಸಣ್ಣ ಅಡುಗೆಮನೆ, ಬಚ್ಚಲುಮನೆ ಕಟ್ಟಿಸುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಒಂಬತ್ತು ವ್ಯಾಟ್‌ನ ಆರು ಎಲ್‌ಇಡಿ ಬಲ್ಬಿಗೆ 54 ವ್ಯಾಟ್. ಹಳೆಯ ಬಗೆಯ ಎರಡು ಫ್ಯಾನಿಗೆ 150. ಫ್ರಿಜ್‌ಗೆ 150, ಮಿಕ್ಸಿಗೆ 750, ಗೀಸರ್‌ಗೆ 2000, ಇಂಡಕ್ಷನ್ ಒಲೆಗೆ 2000, ಒಂದೂವರೆ ಟನ್ ಏಸಿಗೆ 1500. ಕೂಡಿದರೆ 6600 ವ್ಯಾಟ್ ದಾಟುತ್ತದೆ.

ಎಲ್ಲವೂ ಏಕಕಾಲಕ್ಕೆ ಓಡುವುದಿಲ್ಲ. ಆದರೆ ಕೆಟ್ಟ ಗಳಿಗೆಯೊಂದನ್ನು ಊಹಿಸಿ. ಬೆಳಿಗ್ಗೆ ಏಳೂವರೆಗೆ ಒಬ್ಬರು ಸ್ನಾನಕ್ಕೆ ಗೀಸರ್ ಹಾಕಿದ್ದಾರೆ, ಒಲೆಯ ಮೇಲೆ ಹಾಲಿದೆ, ಮಿಕ್ಸಿಯಲ್ಲಿ ಚಟ್ನಿ ತಿರುಗುತ್ತಿದೆ, ಫ್ಯಾನು ಫ್ರಿಜ್ಜು ಹೇಗೂ ಇವೆ. ಸುಮಾರು 5000 ವ್ಯಾಟ್ ಆಯಿತು. 230 ವೋಲ್ಟ್‌ನಿಂದ ಭಾಗಿಸಿದರೆ ಹೆಚ್ಚುಕಡಿಮೆ 22 ಆಂಪಿಯರ್. ಹೊಸ ಭಾಗದ ಮುಖ್ಯ ತಂತಿ ಇದನ್ನು ಸಲೀಸಾಗಿ ಹೊರಬೇಕು. ಪಕ್ಕದ ಕೋಣೆಯ ಪ್ಲಗ್‌ನಿಂದ ಎಳೆಯುವ ಎರಡೂವರೆ ಚದರ ಮಿಲಿಮೀಟರ್ ತಂತಿಗೆ 16 ಆಂಪಿಯರ್‌ನ ಎಂಸಿಬಿ ಇರುತ್ತದೆ. ಮೇಸ್ತ್ರಿಯ ಸಲಹೆ ಇಲ್ಲಿಗೇ ಬಿದ್ದುಹೋಯಿತು.

ಮೂರು ಕಿಲೋವ್ಯಾಟ್‌ನ ಇನ್‌ಸ್ಟಂಟ್ ಗೀಸರ್ ಬೇಕೆನ್ನುವವರು, ನೀರು ಕಾಯಿಸಿಕೊಳ್ಳುವ ಫ್ರಂಟ್ ಲೋಡ್ ವಾಷಿಂಗ್ ಮಷೀನ್ ಇಡುವವರು, ಮುಂದೆ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡುವವರು ಅದನ್ನೂ ಈಗಲೇ ಬರೆದುಕೊಳ್ಳಿ.

ಒಂದೇ ಮೀಟರೋ, ಎರಡೋ?

ಎಲ್ಲರೂ ಎಡವುವುದು ಇಲ್ಲಿ. ತಂತಿಯ ವಿಷಯದಲ್ಲಿ ಜಿಪುಣತನ ಮಾಡಬಾರದು, ಮೀಟರಿನ ವಿಷಯದಲ್ಲಿ ಆತುರ ಮಾಡಬಾರದು.

ಹೊಸ ಕೋಣೆಯಲ್ಲಿ ಇರುವವರು ನಿಮ್ಮದೇ ಮನೆಯವರು, ಒಲೆ ಒಂದೇ ಎಂದಾದರೆ ಈಗಿರುವ ಮೀಟರೇ ಸಾಕು. ಮಂಜೂರಾದ ಲೋಡನ್ನು ಹೆಚ್ಚಿಸಿಕೊಂಡರೆ ಮುಗಿಯಿತು. ಬಿಲ್ಲಿನಲ್ಲಿ ನಿಗದಿತ ಶುಲ್ಕವನ್ನು ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ಲೆಕ್ಕ ಹಾಕುತ್ತಾರೆ, ಆದ್ದರಿಂದ ಲೋಡ್ ಏರಿದಂತೆ ಅದೂ ಏರುತ್ತದೆ. “ಸುಮ್ಮನೆ ಹತ್ತು ಕಿಲೋವ್ಯಾಟ್ ಬರೆಸಿಬಿಡಿ” ಎನ್ನುವವರ ಮಾತಿಗೆ ತಲೆಯಾಡಿಸದಿರಲು ಇದು ಕಾರಣ. ಹಾಗೆಂದು ಹೆಚ್ಚಿಸದೇ ಬಿಟ್ಟರೆ, ಮಂಜೂರಾತಿಗಿಂತ ಹೆಚ್ಚು ಎಳೆದದ್ದಕ್ಕೆ ಲೆಕ್ಕ ಕೊಡಬೇಕಾಗುತ್ತದೆ.

ಬಾಡಿಗೆಗೆ ಕೊಡುವ ಭಾಗವಾದರೆ ಬೇರೆ ಮೀಟರೇ ಲೇಸು. ಯೂನಿಟ್ ಹಂಚಿಕೊಳ್ಳುವ ಜಗಳ ಮೊದಲ ತಿಂಗಳಲ್ಲೇ ತಪ್ಪುತ್ತದೆ. ಇನ್ನೊಂದು ಕಾರಣ ಗೃಹಜ್ಯೋತಿ. 2023ರಲ್ಲಿ ಬಂದ ಈ ಯೋಜನೆಯಲ್ಲಿ ಗೃಹಬಳಕೆಯ ಮೀಟರಿಗೆ ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಉಚಿತ, ಆ ಮಿತಿ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಎರಡು ಸಂಸಾರದ ಬಳಕೆ ಒಂದೇ ಮೀಟರಿನಲ್ಲಿ ಓಡಿದರೆ 200 ದಾಟುವುದಕ್ಕೆ ಬೇಸಿಗೆ ಬರಬೇಕಾಗಿಲ್ಲ. ಒಬ್ಬರ ಹೆಸರಿನಲ್ಲಿ ಎಷ್ಟು ಮೀಟರ್ ಇದ್ದರೂ ಅವರಿಗೆ ಸಿಗುವುದು ಒಂದಕ್ಕೇ. ಆದರೆ ಬೇರೆ ಮೀಟರಿದ್ದರೆ ಬಾಡಿಗೆದಾರರು ತಮ್ಮ ಆಧಾರ್ ಮತ್ತು ಬಾಡಿಗೆ ಕರಾರಿನೊಂದಿಗೆ ತಾವೇ ನೋಂದಾಯಿಸಿಕೊಳ್ಳಬಹುದು.

ಮುಂದಿನ ಕೋಣೆಯಲ್ಲಿ ಅಂಗಡಿ, ಟೈಲರಿಂಗ್, ಬ್ಯೂಟಿ ಪಾರ್ಲರ್ ಇಡುವ ಯೋಚನೆ ಇದ್ದರೆ ಅದಕ್ಕೆ ವಾಣಿಜ್ಯ ದರದ ಸಂಪರ್ಕದ ವಿಚಾರ ಮೊದಲೇ ಕೇಳಿಕೊಳ್ಳಿ. ಮನೆಯ ಮೀಟರಿನಿಂದ ಅಂಗಡಿ ನಡೆಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನ ಪ್ರಕಾರ ಅನಧಿಕೃತ ಬಳಕೆ. ಸಿಕ್ಕಿಬಿದ್ದರೆ ಆ ವರ್ಗದ ದರದ ಎರಡು ಪಟ್ಟು ವಸೂಲಿ ಮಾಡುತ್ತಾರೆ. “ಬೀದಿಯವರೆಲ್ಲ ಹಾಗೇ ಮಾಡಿದ್ದಾರೆ” ಎಂಬ ಉತ್ತರ ವಿಚಕ್ಷಣ ದಳದವರ ಮುಂದೆ ನಡೆಯುವುದಿಲ್ಲ.

ತ್ರೀ ಫೇಸ್ ಬೇಕೇ ಎಂಬುದು ಒಟ್ಟು ಲೋಡಿನ ಮೇಲೆ ನಿಂತಿದೆ. ಹಳೆಯ ಮನೆ ಮತ್ತು ಹೊಸ ಭಾಗ ಸೇರಿ ಏಳೆಂಟು ಕಿಲೋವ್ಯಾಟ್‌ನತ್ತ ಹೋದರೆ ತ್ರೀ ಫೇಸ್ ಕೇಳಿ. ಸಿಕ್ಕಿದ ಮೇಲೆ ಒಂದು ಶಿಸ್ತು ಇಟ್ಟುಕೊಳ್ಳಿ: ಹೊಸ ಭಾಗ ಪೂರ್ತಿ ಒಂದೇ ಫೇಸಿನಲ್ಲಿರಲಿ. ಒಂದೇ ಸ್ವಿಚ್ ಬೋರ್ಡಿನೊಳಗೆ ಎರಡು ಫೇಸ್ ಬಂದರೆ ಅವುಗಳ ನಡುವೆ 230 ಅಲ್ಲ, 400 ವೋಲ್ಟ್ ಇರುತ್ತದೆ. ಇನ್ನೊಂದು ಅಪಾಯ ಕರೆಂಟು ಹಿಂತಿರುಗುವ ತಂತಿಯಾದ ನ್ಯೂಟ್ರಲ್ಲಿನದು. ತ್ರೀ ಫೇಸ್ ಮನೆಯಲ್ಲಿ ಮೇನ್ ನ್ಯೂಟ್ರಲ್ ಸಡಿಲವಾದರೆ ಕಡಿಮೆ ಲೋಡ್ ಇರುವ ಫೇಸಿನ ವೋಲ್ಟೇಜ್ ಏರಿಬಿಡುತ್ತದೆ. ಒಂದೇ ಹೊತ್ತಿಗೆ ಟೀವಿ, ಫ್ರಿಜ್ಜು, ಬಲ್ಬು ಸುಟ್ಟು ಹೋಗುವ ಪ್ರಸಂಗಗಳ ಹಿಂದೆ ಬಹುಪಾಲು ಇರುವುದು ಈ ಒಂದು ಸಡಿಲ ಸ್ಕ್ರೂ.

ಕಚೇರಿಯ ಕೆಲಸ

ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಐದೂ ಜಿಲ್ಲೆಗೆ ಕರೆಂಟು ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ನಮ್ಮ ಬಾಯಲ್ಲಿ ಸೆಸ್ಕ್. ಲೋಡ್ ಹೆಚ್ಚಿಸುವುದಕ್ಕೂ ಹೊಸ ಮೀಟರಿಗೂ ನಿಮ್ಮ ಉಪವಿಭಾಗದ ಕಚೇರಿಗೆ ಹೋಗಬೇಕು. ಜನಸ್ನೇಹಿ ವಿದ್ಯುತ್ ಸೇವೆಗಳ ಜಾಲತಾಣದಲ್ಲೂ ಅರ್ಜಿ ಹಾಕಬಹುದು. ಆದರೂ ಒಮ್ಮೆ ಶಾಖಾಧಿಕಾರಿಯನ್ನು ಮುಖತಃ ಕಂಡು ಬರುವುದರಿಂದ ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಜಾಗ ಇದೆಯೇ, ಕಂಬದಿಂದ ಬರುವ ಸರ್ವಿಸ್ ವೈರ್ ಬದಲಿಸಬೇಕೇ ಎಂಬುದು ಅಲ್ಲೇ ತಿಳಿಯುತ್ತದೆ.

ಒಯ್ಯಬೇಕಾದದ್ದು ಹೆಚ್ಚೇನಿಲ್ಲ. ಬಾಕಿಯಿಲ್ಲದ ಕೊನೆಯ ಬಿಲ್ಲು, ಗುರುತಿನ ಚೀಟಿ, ಖಾತೆ ಮತ್ತು ಕಂದಾಯ ರಸೀದಿ, ಪರವಾನಗಿ ಪಡೆದ ಗುತ್ತಿಗೆದಾರರು ಸಹಿ ಮಾಡಿದ ವೈರಿಂಗ್ ಮುಕ್ತಾಯ ಮತ್ತು ಪರೀಕ್ಷಾ ವರದಿ. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ಕೇಳುತ್ತಾರೆ. ಮನೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ಮೊದಲು ಹೆಸರು ಬದಲಾವಣೆ, ಆಮೇಲೆ ಲೋಡು. ಒಟ್ಟುಕುಟುಂಬದ ಮನೆಗಳಲ್ಲಿ ಹೆಚ್ಚು ದಿನ ಹಿಡಿಯುವುದು ಇದೇ, ವೈರಿಂಗ್ ಅಲ್ಲ.

ಬೇರೆ ಮೀಟರ್ ಕೇಳುವವರು ಇನ್ನೊಂದನ್ನು ಮನೆ ಕಟ್ಟುವ ಮೊದಲೇ ವಿಚಾರಿಸಬೇಕು. ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ (ನಕ್ಷೆಯಂತೆ ಕಟ್ಟಿದೆ, ವಾಸಿಸಬಹುದು ಎನ್ನುವ ಓಸಿ) ಇದ್ದರೆ ಮಾತ್ರ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ರಾಜ್ಯದಲ್ಲಿ ಹೊಸ ಸಂಪರ್ಕಗಳಿಗೆ ಬಿಗಿ ಬಂದಿದೆ. ನಕ್ಷೆ ಮಂಜೂರಾತಿ ಇಲ್ಲದೆ ಎಬ್ಬಿಸಿದ ಮಹಡಿಗೆ ಮೀಟರ್ ಸಿಗದೆ ಒದ್ದಾಡುವುದಕ್ಕಿಂತ ಪಾಲಿಕೆ, ನಗರಸಭೆ ಅಥವಾ ಪಂಚಾಯಿತಿಯ ಅನುಮತಿಯನ್ನು ಮೊದಲೇ ಪಡೆದುಕೊಳ್ಳಿ. ನಿಮ್ಮ ಸೈಟಿನ ಅಳತೆಗೆ ವಿನಾಯಿತಿ ಅನ್ವಯಿಸುತ್ತದೆಯೇ ಎಂಬುದನ್ನೂ ಉಪವಿಭಾಗದಲ್ಲಿ ಅದೇ ದಿನ ಕೇಳಿ.

ಭದ್ರತಾ ಠೇವಣಿ ಕಟ್ಟಿದ ರಸೀದಿಯನ್ನು ಜೋಪಾನ ಮಾಡಿ. ಆ ಹಣ ನಿಮ್ಮದೇ, ಅದಕ್ಕೆ ಬಡ್ಡಿಯೂ ಬರುತ್ತದೆ.

ಮುಖ್ಯ ತಂತಿ: ದಪ್ಪ ಎಷ್ಟು, ದಾರಿ ಯಾವುದು

ಮೀಟರ್ ಮುಂಬಾಗಿಲ ಬಳಿ, ಹೊಸ ಕೋಣೆ ಹಿತ್ತಲಿನಲ್ಲಿ. ಗೋಡೆ ಹತ್ತಿ ಇಳಿದು ಹೋಗುವ ದಾರಿ 25 ಮೀಟರ್ ಎನ್ನೋಣ. ಫೇಸಿನಲ್ಲಿ ಹೋಗಿ ನ್ಯೂಟ್ರಲ್ಲಿನಲ್ಲಿ ಬರಬೇಕಾದ್ದರಿಂದ ಕರೆಂಟು ನಡೆಯುವ ದೂರ 50 ಮೀಟರ್. 20 ಆಂಪಿಯರ್ ಹರಿಯುವಾಗ ಎರಡೂವರೆ ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಸುಮಾರು 7.4 ವೋಲ್ಟ್ ಸೋರಿಹೋಗುತ್ತದೆ. ನಾಲ್ಕರದರಲ್ಲಿ 4.6, ಆರರದರಲ್ಲಿ 3.1. ಸೋರಿದ್ದು ಶಾಖವಾಗುತ್ತದೆ: ಎರಡೂವರೆಯ ತಂತಿ ಗೋಡೆಯೊಳಗೆ ಕೂತು ಸುಮಾರು 150 ವ್ಯಾಟ್ ಸುಡುತ್ತದೆ, ಆರರದು 60ರ ಆಸುಪಾಸು. ಸಂಜೆ ಹೊತ್ತು ಕಂಬದಲ್ಲೇ 200 ವೋಲ್ಟ್ ಇರುವ ಕಡೆ ಈ ಏಳು ವೋಲ್ಟಿನ ವ್ಯತ್ಯಾಸವೇ ಫ್ರಿಜ್ಜಿನ ಕಂಪ್ರೆಸರ್ ಶುರುವಾಗುವುದನ್ನೋ ಗುಂಯ್ ಎಂದು ನಿಂತುಬಿಡುವುದನ್ನೋ ತೀರ್ಮಾನಿಸಬಹುದು.

ಈ ಸೋರಿಕೆಯ ತಲೆನೋವು ನಮ್ಮ ಕಡೆಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಒಯ್ದ ಎಂಜಿನಿಯರುಗಳೂ ಇದನ್ನೇ ಎದುರಿಸಿದರು. ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಗೆದ್ದರು. ಮನೆಯೊಳಗೆ ನಮಗೆ ಆ ದಾರಿ ಇಲ್ಲ, ತಂತಿಯನ್ನೇ ದಪ್ಪ ಮಾಡಬೇಕು.

ಹಾಗಾಗಿ ಮೇಲಿನ ಲೆಕ್ಕದ ಮನೆಗೆ ಆರು ಚದರ ಮಿಲಿಮೀಟರ್ ತಾಮ್ರದ ತಂತಿ, ಮೀಟರ್ ಬೋರ್ಡಿನಲ್ಲಿ ಅದಕ್ಕೆಂದೇ 25 ಆಂಪಿಯರ್‌ನ ಎರಡು ಧ್ರುವದ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಎಂಸಿಬಿ. ಜೊತೆಗೆ ಹಸಿರು ತಂತಿ ತಪ್ಪದೆ ಬರಲಿ. ದೂರ ಇನ್ನೂ ಹೆಚ್ಚಿದ್ದರೆ ಹತ್ತರದಕ್ಕೆ ಹೋಗಿ. ತಂತಿ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಸುರುಳಿ 90 ಮೀಟರಿನದು, ಅದರ ಮೇಲೆ ಬರೆದ ಅಳತೆಗೂ ಕೈಯಲ್ಲಿನ ತಾಮ್ರಕ್ಕೂ ತಾಳೆಯಾಗದ ಅಗ್ಗದ ಮಾಲು ಪೇಟೆಯಲ್ಲಿ ಧಾರಾಳವಾಗಿದೆ.

ದಾರಿಯ ವಿಷಯ. ಹೊಸ ಕೋಣೆ ಹಳೆಯ ಮನೆಗೆ ಅಂಟಿಕೊಂಡಿದ್ದರೆ ಗೋಡೆಯ ಮೇಲೆ ಪಿವಿಸಿ ಪೈಪಿನಲ್ಲಿ ಒಯ್ಯುವುದು ಸುಲಭ. ಒಂದು ಕಡೆ ಮಾತ್ರ ಜಾಗ್ರತೆ: ಹಳೆ ಗೋಡೆ ಮತ್ತು ಹೊಸ ಗೋಡೆ ಕೂಡುವ ಸಂದು. ಹೊಸ ಪಾಯ ಒಂದೆರಡು ಮಳೆಗಾಲದಲ್ಲಿ ಕೊಂಚ ಕೂರುತ್ತದೆ, ಸಂದು ಬಿರಿಯುತ್ತದೆ, ಅಲ್ಲಿ ಗೋಡೆಯೊಳಗೆ ಹುದುಗಿಸಿದ ಗಟ್ಟಿ ಪೈಪ್ ಕತ್ತರಿಸಿದಂತೆ ಮುರಿಯುತ್ತದೆ. ಸಂದಿನ ಎರಡೂ ಬದಿಗೆ ಒಂದೊಂದು ಜಂಕ್ಷನ್ ಬಾಕ್ಸ್ ಇಟ್ಟು ನಡುವೆ ಬಾಗುವ ಪೈಪ್ ಹಾಕಿಸಿ. ಹಳೆಯದು ಮಣ್ಣಿನ ಗೋಡೆಯಾದರೆ ಕೊರೆಯುವ ಗೋಜಿಗೇ ಹೋಗಬೇಡಿ, ಮೇಲೆ ಪಟ್ಟಿ ಬಡಿದು ಒಯ್ಯಲಿ.

ಕೋಣೆ ದೂರದಲ್ಲಿದ್ದರೆ ಎರಡು ದಾರಿ. ಕಂಬಿ ಎಳೆದು ಅದಕ್ಕೆ ಕೇಬಲ್ ಕಟ್ಟಿ ಮೇಲಿನಿಂದ ಒಯ್ಯುವುದು ಅಗ್ಗ. ಆದರೆ ಹಿತ್ತಲಿನಲ್ಲಿ ತೆಂಗಿನ ಮರವಿದ್ದವರು ಯೋಚಿಸಬೇಕು, ಒಂದು ಒಣಗಿದ ಗರಿ ಸಾಕು. ನೆಲದೊಳಗೆ ಒಯ್ಯುವುದಾದರೆ ಉಕ್ಕಿನ ಕವಚದ ಆರ್ಮರ್ಡ್ ಕೇಬಲ್ ಬೇಕು. ಮುಕ್ಕಾಲು ಮೀಟರ್ ಆಳದ ಕಾಲುವೆ ತೋಡಿ, ಅಡಿಗೆ ಮರಳು, ಕೇಬಲ್, ಮತ್ತೆ ಮರಳು, ಮೇಲೆ ಇಟ್ಟಿಗೆ ಸಾಲು. ಮುಂದೊಂದು ದಿನ ಬಾಳೆಗುಂಡಿ ತೋಡುವವನ ಗುದ್ದಲಿ ಮೊದಲು ಇಟ್ಟಿಗೆಗೆ ತಗಲಲಿ ಎಂಬುದಕ್ಕೆ ಆ ಸಾಲು.

ಹೊಸ ಭಾಗದ ಡಿಬಿ

ಹೊಸ ಕೋಣೆಯ ಬಾಗಿಲ ಹತ್ತಿರ, ಎದೆಯೆತ್ತರದಲ್ಲಿ ಅದರದ್ದೇ ಒಂದು ಸಣ್ಣ ಡಿಸ್ಟ್ರಿಬ್ಯೂಷನ್ ಬೋರ್ಡ್ ಇರಲಿ. ಬಚ್ಚಲಿನ ಗೋಡೆಯ ಮೇಲೆ ಬೇಡ, ಬೀರುವಿನ ಹಿಂದೆಯೂ ಬೇಡ. ಒಳಬರುವ ತಂತಿಗೆ ಮೊದಲು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ದಾರಿ ತಪ್ಪಿ ಸೋರಿದರೆ ತಟ್ಟನೆ ಬೀಳುವ ಸ್ವಿಚ್), ಅದರ ನಂತರ ಪ್ರತಿ ಸರ್ಕ್ಯೂಟಿಗೆ ಒಂದು ಎಂಸಿಬಿ. ಎರಡರ ಕೆಲಸ ಬೇರೆ ಬೇರೆ. ಎಂಸಿಬಿ ಕಾಯುವುದು ತಂತಿಯನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು. ಒಂದಿದ್ದರೆ ಇನ್ನೊಂದು ಬೇಡ ಎನ್ನುವ ಎಲೆಕ್ಟ್ರಿಷಿಯನ್ನಿಗೆ ನಮಸ್ಕಾರ ಹೇಳಿ ಕಳಿಸಿ.

ದೀಪ, ಫ್ಯಾನಿಗೆ ಒಂದೂವರೆ ಚದರ ಮಿಲಿಮೀಟರ್ ತಂತಿ ಮತ್ತು 6 ಅಥವಾ 10 ಆಂಪಿಯರ್ ಎಂಸಿಬಿ. ಒಂದು ಸರ್ಕ್ಯೂಟಿಗೆ ಹತ್ತು ಪಾಯಿಂಟ್ ಅಥವಾ 800 ವ್ಯಾಟ್ ಮೀರದಿರುವುದು ರೂಢಿಯ ನಿಯಮ. ಅಡುಗೆಮನೆಯ ದೊಡ್ಡ ಪ್ಲಗ್‌ಗಳಿಗೆ ಎರಡೂವರೆಯ ತಂತಿ, 16ರ ಎಂಸಿಬಿ, ಒಂದು ಸರ್ಕ್ಯೂಟಿನಲ್ಲಿ ಎರಡಕ್ಕಿಂತ ಹೆಚ್ಚು ಬೇಡ. ಗೀಸರ್‌ಗೂ ಏಸಿಗೂ ನಾಲ್ಕರ ತಂತಿ, 20ರ ಎಂಸಿಬಿ, ತಲಾ ಒಂದೊಂದು ಲೈನ್. ಎಂಸಿಬಿ ಪದೇ ಪದೇ ಬೀಳುತ್ತದೆಂದು ದೊಡ್ಡದನ್ನು ಹಾಕಿಸುವ ಚಾಳಿ ನಮ್ಮಲ್ಲಿದೆ. ತಂತಿ ಬದಲಿಸದೆ ಎಂಸಿಬಿ ಮಾತ್ರ ದೊಡ್ಡದು ಮಾಡಿದರೆ ಆಮೇಲೆ ಬೀಳಬೇಕಾದದ್ದು ಬೀಳದೆ ತಂತಿ ಹೊತ್ತಿಕೊಳ್ಳುತ್ತದೆ.

ಯುಪಿಎಸ್ ಇಟ್ಟುಕೊಳ್ಳುವವರಿಗೆ ಒಂದು ಸೂಕ್ಷ್ಮ. ಹಳೆಯ ಮನೆಯ ಯುಪಿಎಸ್‌ನಿಂದ ಹೊಸ ಕೋಣೆಯ ಎರಡು ದೀಪಕ್ಕೆ ಲೈನ್ ಎಳೆಯುವಾಗ ಫೇಸ್ ಮಾತ್ರ ಅಲ್ಲಿಂದ ತಂದು ನ್ಯೂಟ್ರಲ್ಲನ್ನು ಹೊಸ ಡಿಬಿಗೆ ಸೇರಿಸಿಬಿಡುತ್ತಾರೆ. ಆರ್‌ಸಿಸಿಬಿಯ ಕಣ್ಣಿಗೆ ಹೋದ ಕರೆಂಟು, ಬಂದ ಕರೆಂಟು ಸಮ ಇರಬೇಕು. ಇಲ್ಲಿ ಸಮವಿರುವುದಿಲ್ಲ, ದೀಪ ಹಾಕಿದಾಗಲೆಲ್ಲ ಬೀಳುತ್ತದೆ. ಬೇಸತ್ತು ಕೊನೆಗೆ ಆರ್‌ಸಿಸಿಬಿಯನ್ನೇ ಕಿತ್ತು ನೇರ ಜೋಡಿಸುತ್ತಾರೆ. ತಪ್ಪು ಅದರದ್ದಲ್ಲ. ಯುಪಿಎಸ್ ಲೈನಿಗೆ ಅದರದ್ದೇ ನ್ಯೂಟ್ರಲ್ ಬರಲಿ, ಎಲ್ಲೂ ಇನ್ನೊಂದಕ್ಕೆ ಬೆರೆಯದಿರಲಿ.

ಅರ್ತಿಂಗ್

ನೆಲದ ಗುಣ ನೋಡಿ ಮಾಡಬೇಕಾದ ಕೆಲಸ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಮಣ್ಣು ಸದಾ ತೇವ, ಅರ್ತ್ ಚೆನ್ನಾಗಿ ಸಿಗುತ್ತದೆ, ಆದರೆ ನೆಲಕ್ಕೆ ಇಳಿಸುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಬೇಗ ತುಕ್ಕು ಹಿಡಿಯುತ್ತದೆ. ಚಾಮುಂಡಿ ಬೆಟ್ಟದ ಆಸುಪಾಸಿನಂಥ ಕಲ್ಲುನೆಲದಲ್ಲಿ ಪೈಪ್ ಇಳಿಯುವುದೇ ಕಷ್ಟ, ಒಂದರ ಬದಲು ಎರಡು ಗುಂಡಿ ಬೇಕಾಗಬಹುದು.

ಮನೆಯ ಗೋಡೆಯಿಂದ ಒಂದೂವರೆ ಮೀಟರ್ ಆಚೆ ಗುಂಡಿ. 38 ಮಿಲಿಮೀಟರ್‌ಗೆ ಕಡಿಮೆಯಿಲ್ಲದ, ಎರಡೂವರೆ ಮೀಟರ್ ಉದ್ದದ ಜಿಐ ಪೈಪ್. ಸುತ್ತ ಇದ್ದಿಲು, ಉಪ್ಪು ತುಂಬುವುದು ಹಳೆಯ ಪದ್ಧತಿ. ಉಪ್ಪು ಲೋಹವನ್ನು ತಿನ್ನುತ್ತದೆಂದು ಈಗ ಬೇರೆ ರಾಸಾಯನಿಕ ಪುಡಿ ತುಂಬುವವರು ಹೆಚ್ಚಾಗಿದ್ದಾರೆ. ಮೇಲೆ ಸಣ್ಣ ತೊಟ್ಟಿ ಕಟ್ಟಿ ಮುಚ್ಚಳ ಇಡಿ, ಮಾರ್ಚ್‌ನಿಂದ ಮೇವರೆಗೆ ಆಗಾಗ ಒಂದು ಬಿಂದಿಗೆ ನೀರು ಹೊಯ್ಯಿರಿ. ಹೊಸ ಅರ್ತನ್ನು ಹಳೆಯದಕ್ಕೂ ಹಸಿರು ತಂತಿಯಿಂದ ಜೋಡಿಸಿ. ನೀರಿನ ಕೊಳಾಯಿಗೆ ಅರ್ತ್ ಕಟ್ಟುವ ಕಾಲ ಮುಗಿದಿದೆ, ಈಗಿನ ಪೈಪೆಲ್ಲ ಪ್ಲಾಸ್ಟಿಕ್ಕು.

ಮನೆಯೊಳಗಿನ ಪ್ಲಗ್‌ನಲ್ಲಿ ನ್ಯೂಟ್ರಲ್ಲಿಗೂ ಅರ್ತಿಗೂ ತಂತಿ ಬೆಸೆದು “ಅರ್ತ್ ಬಂತು” ಎನ್ನುವವರಿದ್ದಾರೆ. ಎಲ್ಲಾದರೂ ನ್ಯೂಟ್ರಲ್ ಕಡಿದ ದಿನ ಫ್ರಿಜ್ಜಿನ ಮೈಯೆಲ್ಲ 230 ವೋಲ್ಟ್ ಆಗುತ್ತದೆ. ಇದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ.

ಮೋಲ್ಡ್ ಹಾಕುವ ಹಿಂದಿನ ದಿನ

ಸೆಂಟ್ರಿಂಗ್ ಆಗಿ ಕೆಳಗಿನ ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟ್ ಬೀಳುವ ಮೊದಲು ಎಲೆಕ್ಟ್ರಿಷಿಯನ್ ಬರಬೇಕು. ಗಾರೆಯವರಿಗೂ ಎಲೆಕ್ಟ್ರಿಷಿಯನ್ನಿಗೂ ಈ ಒಂದು ದಿನದ ಹೊಂದಾಣಿಕೆ ಮಾಡಿಸುವುದು ಮನೆಯ ಯಜಮಾನರ ಕೆಲಸ, ಬೇರೆ ಯಾರೂ ಮಾಡುವುದಿಲ್ಲ. ಫ್ಯಾನ್ ಬಾಕ್ಸು, ದೀಪದ ಆಳವಾದ ಬಾಕ್ಸುಗಳನ್ನು ಹಲಗೆಗೆ ಒತ್ತಿ ಕೂರಿಸಿ ಒಳಗೆ ಕಾಗದ ತುರುಕಿ ಬಾಯಿ ಮುಚ್ಚಬೇಕು. ಪೈಪನ್ನು ಕಂಬಿಗೆ ಬೈಂಡಿಂಗ್ ತಂತಿಯಿಂದ ಕಟ್ಟಬೇಕು, ಕೀಲುಗಳಿಗೆಲ್ಲ ಅಂಟು ಹಚ್ಚಿರಬೇಕು. ವೈಬ್ರೇಟರ್ ಓಡಿಸುವಾಗ ಕೀಲು ಬಿಚ್ಚಿ ಕಾಂಕ್ರೀಟ್ ಒಳನುಗ್ಗಿದರೆ ಆ ಪೈಪ್ ಅಷ್ಟಕ್ಕೇ ಸತ್ತಂತೆ. ತಾರಸಿಯಿಂದ ಡಿಬಿಗೆ ಒಂದು ಖಾಲಿ ಪೈಪ್ ಬಿಟ್ಟಿರಿ. ನಾಳೆ ಸೋಲಾರ್ ಫಲಕ ಕೂರಿಸುವಾಗ ಹೊಸ ಗೋಡೆ ಕೊರೆಯುವುದು ತಪ್ಪುತ್ತದೆ.

ಗೋಡೆಯಲ್ಲಿ ಪೈಪಿನ ಜಾಡು ನೆಟ್ಟಗೆ ಮೇಲಿನಿಂದ ಕೆಳಕ್ಕೆ ಇಳಿಯಲಿ, ಓರೆಯಾಗಿ ಬೇಡ. ದೇವರ ಪಟಕ್ಕೆ ಮೊಳೆ ಹೊಡೆಯುವವರಿಗೆ ಸ್ವಿಚ್ಚಿನ ನೇರ ಮೇಲೆ ತಂತಿ ಇದೆಯೆಂಬ ಊಹೆಯಾದರೂ ಇರುತ್ತದೆ. ಗಿಲಾವು ಆಗುವ ಮೊದಲು ಪ್ರತಿ ಗೋಡೆಯ ಪಕ್ಕ ಟೇಪು ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಬಚ್ಚಲಿನ ಗೀಸರ್ ಸ್ವಿಚ್ ಹೊರಗಿನ ಗೋಡೆಯಲ್ಲಿರಲಿ, ಒದ್ದೆ ಕೈಗೆ ಎಟುಕದಿರಲಿ.

ಪರೀಕ್ಷೆ, ಆಮೇಲೆ ಸ್ವಿಚ್

ಬಣ್ಣ ಬಳಿದು ಸ್ವಿಚ್ಚು ಕೂರಿಸಿದ ಮೇಲೆ ಸಂಪರ್ಕ ಕೊಡುವ ಮೊದಲು ಗುತ್ತಿಗೆದಾರರು ನಿಮ್ಮೆದುರಿಗೇ ಮೆಗ್ಗರ್ (ತಂತಿಯ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಉಪಕರಣ) ಹಿಡಿಯಲಿ. 500 ವೋಲ್ಟಿನ ಮೆಗ್ಗರ್‌ನಲ್ಲಿ ಫೇಸಿಗೂ ಅರ್ತಿಗೂ, ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಒಂದು ಮೆಗಾಓಮ್‌ಗಿಂತ ಕಡಿಮೆ ಬರಕೂಡದು. ಹೊಸ ತಂತಿಯಲ್ಲಿ ಅದಕ್ಕಿಂತ ಬಹಳ ಹೆಚ್ಚೇ ಬರಬೇಕು. ಕಡಿಮೆ ಬಂದರೆ ಎಲ್ಲೋ ಮೊಳೆ ತಗಲಿದೆ, ಇಲ್ಲವೇ ಗಿಲಾವಿನ ನೀರು ಪೈಪಿನಲ್ಲಿ ನಿಂತಿದೆ. ಪ್ರತಿ ಸ್ವಿಚ್ಚೂ ಫೇಸನ್ನೇ ಕಡಿಯುತ್ತಿದೆಯೇ, ಪ್ರತಿ ಪ್ಲಗ್‌ನಲ್ಲಿ ಫೇಸ್ ಬಲಕ್ಕಿದೆಯೇ ನೋಡಿಸಿ. ಅರ್ತಿನ ಅಳತೆ ಐದು ಓಮ್‌ನೊಳಗೆ ಬಂದರೆ ಒಳ್ಳೆಯದು.

ಕರೆಂಟು ಬಂದ ಮೇಲೆ ಆರ್‌ಸಿಸಿಬಿಯ ಟಿ ಗುಂಡಿ ಒತ್ತಿ. ತಟ್ಟನೆ ಬೀಳಬೇಕು, ಬೀಳದಿದ್ದರೆ ಅಂದೇ ಬದಲಿಸಬೇಕು. ಆಮೇಲೂ ತಿಂಗಳಿಗೊಮ್ಮೆ ಒತ್ತುವ ಅಭ್ಯಾಸ ಇಟ್ಟುಕೊಳ್ಳಿ. ಮೊದಲ ದಿನ ಗೀಸರ್, ಇಂಡಕ್ಷನ್ ಎರಡನ್ನೂ ಅರ್ಧ ಗಂಟೆ ಓಡಿಸಿ ಡಿಬಿಯ ಮುಚ್ಚಳಕ್ಕೂ ಮೀಟರ್ ಬೋರ್ಡಿನ ಹೊಸ ಎಂಸಿಬಿಯ ಮುಖಕ್ಕೂ ಕೈ ತಾಗಿಸಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾರದಷ್ಟು ಬಿಸಿಯಾದರೆ ಯಾವುದೋ ಸ್ಕ್ರೂ ಸಡಿಲವಿದೆ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಯಾವ ಎಂಸಿಬಿ ಯಾವುದಕ್ಕೆ ಎಂದು ಕನ್ನಡದಲ್ಲಿ ಬರೆದ ಚೀಟಿ ಡಿಬಿಯ ಬಾಗಿಲಿಗೆ ಅಂಟಿಸಿದ ಮೇಲೆಯೇ ಕೊನೆಯ ಕಂತಿನ ಹಣ ಕೊಡಿ.

ಮುಂದಿನ ಬಿಲ್ಲು ಬಂದಾಗ ಮೂರು ಸಾಲು ಓದಿ: ಮಂಜೂರಾದ ಲೋಡ್ ಹೊಸದಾಗಿದೆಯೇ, ದರದ ವರ್ಗ ಗೃಹಬಳಕೆಯದ್ದೇ ಇದೆಯೇ, ಗೃಹಜ್ಯೋತಿ ಮುಂದುವರಿದಿದೆಯೇ. ಯಾವುದಾದರೂ ತಪ್ಪಿದ್ದರೆ ಲೋಡ್ ಹೆಚ್ಚಳದ ರಸೀದಿಯೊಂದಿಗೆ ಉಪವಿಭಾಗದ ಕಚೇರಿಗೆ ಹೋಗಿ, ಅಥವಾ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ.